ಓಸ್ಲೋದ ಕಲ್ಲಿನ ಜಾತ್ರೆ

ನಾರ್ವೆಯ ಓಸ್ಲೋದಲ್ಲಿ 12ನೇ ನಂಬರಿನ ಟ್ರಾಮ್ ಇಳಿದು ಉದ್ಯಾನದ ಕಬ್ಬಿಣದ ದೊಡ್ಡ ಗೇಟು ದಾಟಿದೆ. ಟಿಕೆಟ್ ಕೇಳುವವರಿಲ್ಲ. ಹುಲ್ಲಿನ ಮೇಲೆ ಬಿಸಿಲು ಕಾಯಿಸುತ್ತ ಊರವರು ಬಿದ್ದುಕೊಂಡಿದ್ದಾರೆ. ಅವರ ನಡುವೆಯೇ ಇನ್ನೂರಕ್ಕೂ ಹೆಚ್ಚು ಶಿಲ್ಪಗಳು, ಅಷ್ಟನ್ನೂ ರೂಪಿಸಿದವನು ಗುಸ್ತಾವ್ ವಿಗೆಲ್ಯಾಂಡ್ ಒಬ್ಬನೇ.

ಉದ್ಯಾನದೊಳಗಿನ ಸೇತುವೆಯ ಎರಡೂ ಬದಿ ಸೇರಿ 58 ಕಂಚಿನ ಮೂರ್ತಿಗಳು. ಮಗುವನ್ನು ಎತ್ತಿ ಆಡಿಸುವ ಅಪ್ಪ, ಒಬ್ಬರನ್ನೊಬ್ಬರು ತಬ್ಬಿಕೊಂಡ ಜೋಡಿ, ಕಾಲು ನೆಲಕ್ಕೆ ಅಪ್ಪಳಿಸಿ ಮುಷ್ಟಿ ಬಿಗಿದು ರಚ್ಚೆ ಹಿಡಿದ ಪೋರ. ಆ ಪೋರನ ಎಡಗೈ ಮಾತ್ರ ಚಿನ್ನದಂತೆ ಫಳಫಳ. ಬಂದವರೆಲ್ಲ ಹಿಡಿದು ಹಿಡಿದು ಉಜ್ಜಿದ ಹೊಳಪು ಅದು. ನಾನೂ ಹಿಡಿದೆ, ಬಿಡುತ್ತೇನೆಯೇ! ಇಲ್ಲಿ ಯಾರ ಮೈಮೇಲೂ ಬಟ್ಟೆಯಿಲ್ಲ. ಹಾಗಾಗಿ ಇವರು ರಾಜರೋ ಕೂಲಿಗಳೋ, ಯಾವ ಕಾಲದವರೋ, ಹೇಳಲಾಗದು. ಉಳಿ ಸುತ್ತಿಗೆ ಹಿಡಿದು ನಿಂತ ತನ್ನ ಸ್ವಂತ ಪ್ರತಿಮೆಗೆ ಮಾತ್ರ ವಿಗೆಲ್ಯಾಂಡ್ ಮರೆಯದೆ ಅಂಗಿ ತೊಡಿಸಿಕೊಂಡಿದ್ದಾನೆ.

ಮೆಟ್ಟಿಲೇರಿದರೆ ಏಕಶಿಲಾ ಸ್ತಂಭ. ಪೀಠ ಸೇರಿ ಸುಮಾರು 17 ಮೀಟರ್ ಎತ್ತರ, ಒಂದೇ ಗ್ರಾನೈಟ್ ಬಂಡೆ, ಅದರಲ್ಲಿ 121 ದೇಹಗಳು. ಒಬ್ಬರ ಬೆನ್ನು ಇನ್ನೊಬ್ಬರಿಗೆ ಮೆಟ್ಟಿಲು, ಒಬ್ಬರ ತೋಳು ಇನ್ನೊಬ್ಬರಿಗೆ ಆಸರೆ. ಹತ್ತುತ್ತಿದ್ದಾರೋ ನೂಕಿಸಿಕೊಳ್ಳುತ್ತಿದ್ದಾರೋ ಎಷ್ಟು ಹೊತ್ತು ನೋಡಿದರೂ ಬಗೆಹರಿಯಲಿಲ್ಲ. ಸುತ್ತ ಒಂದು ಸುತ್ತು ಬಂದರೆ ಮತ್ತೊಂದು ಕಥೆ ಕಾಣುತ್ತದೆ. ವಿಗೆಲ್ಯಾಂಡ್ ಮಣ್ಣಿನಲ್ಲಿ ಮಾಡಿದ್ದನ್ನು ಪ್ಲಾಸ್ಟರಿಗೆ ಇಳಿಸಿ, ಅದನ್ನು ನೋಡಿಕೊಂಡು ಮೂವರು ಕಲ್ಲುಕುಟಿಗರು 1929ರಿಂದ ಕಡೆದರು. ಕೆಲಸ ಮುಗಿಯಲು ಹದಿನಾಲ್ಕು ವರ್ಷ ಹಿಡಿಯಿತು. ಅದು ಮುಗಿದ 1943ರಲ್ಲೇ ವಿಗೆಲ್ಯಾಂಡ್ ತೀರಿಕೊಂಡ.

ಕತ್ತು ನೋಯುವಷ್ಟು ನೋಡಿದರೂ ಸ್ತಂಭದ ತುದಿಯ ಮುಖಗಳು ಕೆಳಗಿನಿಂದ ಕಾಣುವುದಿಲ್ಲ. ಅದಕ್ಕೇ ಉದ್ಯಾನದ ಪಕ್ಕದ ಮ್ಯೂಸಿಯಂಗೆ ಹೋಗಬೇಕು. ಬಹಳ ಮಂದಿ ಹೋಗುವುದಿಲ್ಲ, ನಷ್ಟ ಅವರದೇ. ಅದೇ ಸ್ತಂಭದ ಪ್ಲಾಸ್ಟರ್ ಮಾದರಿ ಅಲ್ಲಿ ತುಂಡು ತುಂಡಾಗಿ ನೆಲದ ಮೇಲೆ ನಿಂತಿದೆ. ಹೊರಗೆ ಆಕಾಶದ ಪಾಲಾಗಿದ್ದ ಎಳೆಯ ಮಕ್ಕಳು ಇಲ್ಲಿ ಕೈಗೆಟಕುವಷ್ಟು ಹತ್ತಿರ. ಗ್ರಾನೈಟಿನಲ್ಲಿ ಒರಟಾಗಿದ್ದ ಕೆನ್ನೆ ಇಲ್ಲಿ ನಯ. ಬಯಲಿನ ಶಿಲ್ಪವೂ ಸೂರಿನಡಿಯ ಶಿಲ್ಪವೂ ಒಂದನ್ನೊಂದು ತುಂಬಿಕೊಡುವುದನ್ನು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿರಲಿಲ್ಲ.

ಆ ಮ್ಯೂಸಿಯಂ ಕಟ್ಟಡವೇ ವಿಗೆಲ್ಯಾಂಡ್‌ನ ಕಾರ್ಯಾಗಾರವಾಗಿತ್ತು, ಮಾಳಿಗೆಯಲ್ಲಿ ಅವನ ಮನೆ. 1921ರ ಒಪ್ಪಂದದಂತೆ ನಗರಸಭೆ ಅದನ್ನು ಕಟ್ಟಿಸಿಕೊಟ್ಟಿತು, ಬದಲಿಗೆ ಅವನ ಕೃತಿಗಳು ನಗರದ ಸ್ವತ್ತಾದವು. ಒಂದು ಕರಾರಿನಲ್ಲಿ ಇಷ್ಟು ಲಾಭ ಮಾಡಿಕೊಂಡ ನಗರಸಭೆ ಇನ್ನೊಂದಿರಲಾರದು!