ಎರಡು ಕಡ್ಡಿಗಳು

ಎಂಎಸ್ಸಿ ಪ್ರಾಜೆಕ್ಟಿನ ವೈವಾಕ್ಕೆ ಎರಡೇ ದಿನ ಉಳಿದಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಪ್ಪನಿಗೆ ಸ್ಲೈಡುಗಳನ್ನು ತೋರಿಸುತ್ತಿದ್ದೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಏಳನೆಯ ಸ್ಲೈಡಿಗೆ ಬಂದಾಗ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಇಲ್ಲಿ ಸಮಾಂತರದ ಗುರುತು ಯಾಕೆ ಬಂತಮ್ಮ?"

ಅದು ಸಮಾಂತರದ ಗುರುತಲ್ಲ. ಒಂದು ಸಣ್ಣ ಎಲ್, ಪಕ್ಕದಲ್ಲಿ ಐಡೆಂಟಿಟಿ ಮ್ಯಾಟ್ರಿಕ್ಸಿನ ದೊಡ್ಡ ಐ. ಅಪ್ಪನ ಕಣ್ಣಿಗೆ ಕಂಡದ್ದು ಎರಡು ಓರೆ ಕಡ್ಡಿಗಳು.

ಸ್ಲೈಡುಗಳನ್ನು ಲಾಟೆಕ್‌ನ ಬೀಮರ್‌ನಲ್ಲಿ ಮಾಡಿದ್ದೆ. ನಾವಾಗಿ ಬದಲಿಸದಿದ್ದರೆ ಅದು ಮಾತನ್ನೂ ಸೂತ್ರವನ್ನೂ ಸ್ಯಾನ್ಸ್ ಸೆರಿಫ್‌ನಲ್ಲೇ, ಅಂದರೆ ತುದಿಗಳಲ್ಲಿ ಪುಟ್ಟ ಗೆರೆಗಳಿಲ್ಲದ ಅಕ್ಷರಗಳಲ್ಲೇ, ಜೋಡಿಸುತ್ತದೆ. ಎರಡೂ ಹೊಂದಿಕೊಂಡು ಚೆಂದ ಕಾಣುತ್ತಿದ್ದವು. ಆ ಚೆಂದಕ್ಕೆ ಮರುಳಾಗಿ ನಾನು ಓದಿಯೇ ನೋಡಿರಲಿಲ್ಲ.

ಮಾತಿನಲ್ಲಿ ಒಂದು ಅಕ್ಷರ ಮಸುಕಾದರೆ ಅಕ್ಕಪಕ್ಕದವು ಕೈಹಿಡಿಯುತ್ತವೆ. ಸೂತ್ರದಲ್ಲಿ ಪ್ರತಿ ಅಕ್ಷರವೂ ಒಂಟಿ. ಅದರ ರೂಪವೇ ಅದರ ಅರ್ಥ. ಭೌತಶಾಸ್ತ್ರದಲ್ಲಿ ಟೆನ್ಸರುಗಳಿಗೆಂದೇ ದಪ್ಪ, ಓರೆ ಸ್ಯಾನ್ಸ್ ಅಕ್ಷರಗಳನ್ನು ಮೀಸಲಿಡುವ ರೂಢಿಯಿದೆ. ಇಡೀ ಪುಟವೇ ಸ್ಯಾನ್ಸ್ ಆದರೆ ಆ ಮೀಸಲಿಗೆ ಬೆಲೆಯೆಲ್ಲಿ?

ಆ ರಾತ್ರಿ ಸೂತ್ರಗಳನ್ನಷ್ಟೇ ಸೆರಿಫ್‌ಗೆ ಬದಲಿಸಿದೆ. ಎಲ್, ಐ ಬೇರೆಯಾದವು. ಆದರೆ ದಪ್ಪ ಗೆರೆಯ ಮಾತಿನ ನಡುವೆ ಸೂತ್ರಗಳು ಬಡಕಲಾಗಿ, ನೆಂಟರ ಮನೆಗೆ ಬಂದವರಂತೆ ನಿಂತವು. ಆಮೇಲೆ ಮಾತಿಗೆ ಫಿರಾ ಸ್ಯಾನ್ಸ್, ಸೂತ್ರಕ್ಕೆ ಅದರ ಜೊತೆಗೆಂದೇ ಮಾಡಿದ ಫಿರಾ ಮ್ಯಾತ್ ಹಾಕಿದೆ. ಈಗ ಗೆರೆಗಳ ದಪ್ಪ ಹೊಂದಿತು. ಆದರೂ ಎಲ್ ಬಗ್ಗೆ ಧೈರ್ಯ ಸಾಲಲಿಲ್ಲ.

ಬೆಳಿಗ್ಗೆ ಅಪ್ಪ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಒಂದು ಎಲ್ ಬರೆದು ತೋರಿಸಿದರು, ಸುರುಳಿ ಸುತ್ತಿದ ಎಲ್. "ಬೋರ್ಡಿನ ಮೇಲೆ ಹೀಗೇ ಬರೀತಿದ್ದೆ. ಕೊನೇ ಬೆಂಚಿನವನಿಗೂ ಕಾಣ್ಬೇಕಲ್ಲ."

ಹರ್ಮನ್ ಝಾಫ್ ರೂಪಿಸಿದ ಆಯ್ಲರ್ ಅಕ್ಷರಗಳ ಹಿಂದೆಯೂ ಇಂಥದೇ ಆಲೋಚನೆಯಿತ್ತು: ಅಂದವಾದ ಕೈಬರಹದ ಗಣಿತಜ್ಞ ಬರೆದಂತೆ ಸೂತ್ರ ಕಾಣಬೇಕು. 1989ರ 'ಕಾಂಕ್ರೀಟ್ ಮ್ಯಾಥಮ್ಯಾಟಿಕ್ಸ್' ಪುಸ್ತಕದಲ್ಲಿ ಡೊನಾಲ್ಡ್ ಕ್ನೂತ್ ಆ ಸೂತ್ರಾಕ್ಷರಗಳಿಗೆ ಒಪ್ಪುವಂತೆ ಮಾತಿನ ಅಕ್ಷರಗಳನ್ನು ಹೊಂದಿಸಿದರು. ಮೊದಲು ಸೂತ್ರ, ಆಮೇಲೆ ಮಾತು. ನಾನು ತಲೆಕೆಳಗು ಮಾಡಿದ್ದೆ.

ಸುರುಳಿ ಎಲ್‌ಗೆ ಲಾಟೆಕ್‌ನಲ್ಲಿ ಬೇರೆಯದೇ ಆದೇಶವಿದೆ. ಹಾಕಿದೆ. ವೈವಾದಲ್ಲಿ ಏಳನೆಯ ಸ್ಲೈಡಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಮನೆಗೆ ಬಂದು ಅಪ್ಪನಿಗೆ ಅದನ್ನೇ ಹೇಳಿದೆ.