ಮೂರು ಊರು, ಮೂರು ಕ್ಯಾಮೆರಾ

ಆಳಂದದಲ್ಲಿ ನಾನು, ಅಫಜಲಪುರದಲ್ಲಿ ನಮ್ಮ ಭಾವ, ಜೇವರ್ಗಿಯಲ್ಲಿ ಗೆಳೆಯ ಮಾಸ್ತರ. ಮೂವರೂ ಕಿಸೆಯಲ್ಲಿ ಹಿಡಿಸುವ ಜೂಮ್ ಡಿಜಿಟಲ್ ಕ್ಯಾಮೆರಾದ ಒಡೆಯರು. ಕೂಡಿದಾಗಲೆಲ್ಲ ಅದರದೇ ಮಾತು.

ಗುಂಡಿ ಒತ್ತಿದರೆ ಆಮೆಯ ಕತ್ತಿನಂತೆ ಮಸೂರ ಹೊರಬರುತ್ತದೆ. ಆ ಸಂದಿಯಲ್ಲಿ ತೊಗರಿ ರಾಶಿಯ ಧೂಳು ಹೊಕ್ಕಿತೋ, ಹೊರಗೂ ಬಾರದು, ಒಳಗೂ ಹೋಗದು. ನನ್ನದು ಎರಡು ಸಲ ಹೀಗೆ ಹಟ ಹಿಡಿದಿದೆ. ಮಾಸ್ತರರ ದೂರು ಸೆಲ್ಲಿನದು. ಗೋಡೆ ಗಡಿಯಾರವನ್ನು ತಿಂಗಳುಗಟ್ಟಲೆ ನಡೆಸುವ ಕಿರಾಣಿ ಅಂಗಡಿಯ ಅಗ್ಗದ ಸೆಲ್ಲು ಇಲ್ಲಿ ಹತ್ತು ಚಿತ್ರಕ್ಕೇ ಸುಸ್ತು! ಚಾರ್ಜ್ ಮಾಡುವ ಸೆಲ್ಲು ತಂದ ಮೇಲೆಯೇ ಅವರ ಗೊಣಗಾಟ ನಿಂತದ್ದು.

ಮೊಬೈಲ್ ಇರುವಾಗ ಇದೇಕೆಂದು ಮಕ್ಕಳು ನಗುತ್ತಿದ್ದರು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿತು. ಭಾವ ದಿಬ್ಬದ ಮೇಲೆ ನಿಂತು ಮುಳುಗಿದ ಹೊಲದ ಚಿತ್ರ ತೆಗೆದರು. ಮಗನ ಮೊಬೈಲಿನ ಡಿಜಿಟಲ್ ಜೂಮ್ ಇದ್ದ ಚುಕ್ಕೆಗಳನ್ನೇ ಹಿಗ್ಗಿಸಿತು; ಕಂಡದ್ದು ಬರೀ ರಾಡಿ ನೀರು. ಕ್ಯಾಮೆರಾದಲ್ಲಿ ಮಸೂರಗಳೇ ಸರಿದು ದೂರದ್ದನ್ನು ಹತ್ತಿರ ತಂದವು: ಕಬ್ಬಿನ ತುದಿ, ಬೇವಿನ ನೆತ್ತಿ, ಪಂಪ್‌ಸೆಟ್ ಕೋಣೆಯ ತಗಡು. ಯಾವ ಹೊಲ ಯಾರದೆಂದು ನೆರೆಯವರು ಅದರಲ್ಲೇ ಗುರುತು ಹಿಡಿದರು.

ಆ ಚಿತ್ರದ ಪ್ರತಿಯೊಂದು ಈಗ ಭಾವನ ಮನೆಯಲ್ಲಿ, ಹೊಲದ ಕಾಗದಗಳ ಗಂಟಿನಲ್ಲಿದೆ.