ಜಾಲಿಯ ಬುಡ

ಐದೂವರೆಗೇ ವಿಸಿಲ್. ಚಿಕ್ಕಬಳ್ಳಾಪುರ ಜಿಲ್ಲೆಯ ಮಂಡಿಕಲ್ಲಿನ ಶಾಲೆಯ ಕೊಠಡಿಯಲ್ಲಿ ಜಮಖಾನೆ ಮಡಚಿಟ್ಟು ಹೊರಗೆ ಬಂದರೆ ಚಳಿ ಮುಖಕ್ಕೆ ರಾಚುತ್ತದೆ. ಕಾಫಿ ಆಮೇಲೆ, ಮೊದಲು ಪ್ರಭಾತ್‌ಫೇರಿ. ಡೇರಿಗೆ ಹಾಲು ಒಯ್ಯುವವರು ನಿಂತು ನೋಡುತ್ತಾರೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಅಜ್ಜಿ ತೆಲುಗಿನಲ್ಲಿ ಏನೋ ಕೇಳಿ, ನೀವು ತಡವರಿಸಿದ್ದು ಕಂಡು ಕನ್ನಡಕ್ಕೆ ಹೊರಳುತ್ತಾರೆ.

"ಎಲ್ಲಿಂದ ಬಂದ್ರಪ್ಪಾ?"

"ಬೆಂಗ್ಳೂರಿಂದ ಅಜ್ಜಿ, ಕಾಲುವೆ ಕ್ಲೀನ್ ಮಾಡೋಕೆ."

"ಅಯ್ಯೋ, ಅಲ್ಲಿ ಕಾಲುವೆ ಇಲ್ವಾ?"

ಹಿಂದಿನ ಸಾಲಿನವರು ಕಿಸಕ್ಕೆಂದು ನಗುತ್ತಾರೆ. ಶಾಲೆಯ ಗೇಟಿಗೆ ಕಟ್ಟಿದ ಬ್ಯಾನರಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಘೋಷವಾಕ್ಯ: ನನಗಲ್ಲ, ನಿನಗೆ. ಗಾಂಧಿ ಶತಮಾನೋತ್ಸವದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆಯಿದು; ನೀವು ಬಂದಿರುವ ಅದರ ವಿಶೇಷ ಶಿಬಿರ 7 ದಿನದ್ದು.

ಚಿತ್ರಾನ್ನ ಮುಗಿಸಿ ಕಾಲುವೆಗೆ ಇಳಿಯುತ್ತೀರಿ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ. ಬಿದ್ದ ಮಳೆ ಇಂಥ ಕಾಲುವೆಗಳಲ್ಲಿ ಹರಿದು ಕೆರೆ ಸೇರಬೇಕು, ಇಲ್ಲವೇ ಸಾವಿರ ಅಡಿ ದಾಟಿದ ಕೊಳವೆಬಾವಿಯೇ ಗತಿ. ಕಾಲುವೆಯ ತುಂಬ ಬಳ್ಳಾರಿ ಜಾಲಿ. ಮಚ್ಚು ಬೀಸಿದ ಮೊದಲ ಗಳಿಗೆಯಲ್ಲೇ ಅದರ ಮುಳ್ಳು ಚಪ್ಪಲಿ ತೂರಿ ಪಾದ ಮುಟ್ಟುತ್ತದೆ. ಹತ್ತು ಗಂಟೆಗೆ ಅಂಗೈ ಬೊಬ್ಬೆ, ಬೆನ್ನಿಗಂಟಿದ ಟೀಶರ್ಟು. ಬಾಂಡಲಿ ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ದಡದಲ್ಲಿ ಕುರಿ ಬಿಟ್ಟುಕೊಂಡು ನಿಂತ ತಾತ ಬಹಳ ಹೊತ್ತು ಸುಮ್ಮನಿದ್ದವರು ಕೊನೆಗೆ ಹೇಳಿಯೇಬಿಡುತ್ತಾರೆ: "ಮೇಲ್ಗಡೆ ಕಡಿದ್ರೆ ಏನ್ ಬಂತು? ಬುಡ ಕೀಳ್ರಪ್ಪಾ." ಅವರ ಮಾತು ಸರಿ. ಮಣ್ಣಿನೊಳಗೆ ಬುಡ ಉಳಿದರೆ ಜಾಲಿ ಮತ್ತೆ ಚಿಗುರುತ್ತದೆ, ಮೊದಲಿಗಿಂತ ಪೊದೆಯಾಗಿ. ಆದರೆ ಬುಡ ಕೀಳಲು ಪಿಕಾಸಿ ಬೇಕು. ತಂಡಕ್ಕೆಲ್ಲ ಇರುವುದು ಒಂದೋ ಎರಡೋ.

ಕೊನೆಗೊಂದು ದಿನ ಪ್ರವಾಸ. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಸಮಾಧಿ, ನಂದಿಯಲ್ಲಿ ಭೋಗನಂದೀಶ್ವರ. ಅಲ್ಲಿ ಎಲ್ಲರೂ ಕಲ್ಯಾಣಿಯ ಮೆಟ್ಟಿಲಲ್ಲಿ ಫೋಟೊಕ್ಕೆ ಕೂತರೆ, ನಿಮ್ಮ ಕಣ್ಣು ಮಾತ್ರ ಕಲ್ಲಿನ ಸಂದಿಯಲ್ಲಿ ಎದ್ದ ಗಿಡದ ಮೇಲೆ.

ಚಿಕ್ಕಬಳ್ಳಾಪುರದ ಕಂದವಾರ ಕೆರೆಯೇ ನನ್ನ ಮಟ್ಟಿಗೆ ಆ ದಿನದ ನಿಜವಾದ ಪ್ರೇಕ್ಷಣೀಯ ಸ್ಥಳ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಪೈಪಿನಲ್ಲಿ ಈ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಾರೆ. ಆರ್‌.ಟಿ. ನಗರದ ಹುಡುಗಿ "ಹಂಗಾದ್ರೆ ನಮ್ಮನೆ ಬಚ್ಚಲ ನೀರು!" ಎನ್ನುತ್ತಾಳೆ. ಈ ಸಲ ಯಾರೂ ನಗುವುದಿಲ್ಲ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂದು ಇಲ್ಲಿನ ನೀರಾವರಿ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ.

ಶಿಬಿರಕ್ಕೆ ಊರು ಆರಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಮುಂದಿನ ವರ್ಷ ಹೊಸ ಊರು ಹುಡುಕಬೇಡಿ. ಇದೇ ಕಾಲುವೆಗೆ, ಮಳೆಗೆ ಮೊದಲೇ ಬನ್ನಿ. ಬ್ಯಾನರಿನ ದುಡ್ಡಿನಲ್ಲಿ ಇನ್ನೆರಡು ಪಿಕಾಸಿ ಕೊಂಡು ತನ್ನಿ.